ಕಿಟಕಿಯಾಚೆಯ ಮರ

ನಿಮ್ಮ ಮನೆಯಲ್ಲಿ ಯಾರಾದರೂ ಕಾಯಿಲೆಯಿಂದ ಮಲಗಿದ್ದಾರೆನ್ನಿ. ಗಾಳಿ ಬೆಳಕು ಬರಲೆಂದು ಅವರ ಹಾಸಿಗೆಯನ್ನು ಕಿಟಕಿಯ ಪಕ್ಕದಲ್ಲಿ ಹಾಕುತ್ತೀರಿ. ಆದರೆ ಆ ಕಿಟಕಿಯಿಂದ ಏನು ಕಾಣುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ಯೋಚಿಸತಕ್ಕ ಸಂಗತಿಯೇ ಅದು.

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಒಂದು ಆಸ್ಪತ್ರೆಯಲ್ಲಿ, ಒಂದೇ ಬಗೆಯ ಕೋಣೆಗಳ ಪೈಕಿ ಕೆಲವಕ್ಕೆ ಮರಗಳ ಗುಂಪು ಕಾಣುತ್ತಿತ್ತು. ಉಳಿದವಕ್ಕೆ ಬರಿಯ ಇಟ್ಟಿಗೆಯ ಗೋಡೆ. 1972ರಿಂದ 1981ರ ವರೆಗೆ ಅಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ರೋಜರ್ ಉಲ್ರಿಕ್ ಎಂಬ ವಿದ್ವಾಂಸರು ಪರಿಶೀಲಿಸಿದರು. ವಯಸ್ಸು ಮೊದಲಾದ ವಿಷಯಗಳಲ್ಲಿ ಹೋಲುವ 23 ಜೋಡಿ ರೋಗಿಗಳನ್ನು ಆರಿಸಿ, ಫಲಿತಾಂಶವನ್ನು 1984ರಲ್ಲಿ ಪ್ರಕಟಿಸಿದರು. ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನದಷ್ಟು ಮೊದಲೇ ಮನೆಗೆ ಮರಳಿದ್ದರು. ತೀಕ್ಷ್ಣವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾಗಿದ್ದವು. ಅವರು ಕಳವಳಗೊಂಡರೆಂದು ದಾದಿಯರು ಬರೆದಿಟ್ಟ ಟಿಪ್ಪಣಿಗಳೂ ಕಡಿಮೆಯೇ.

ಇದು ಹೇಗೆ? ಮಿಚಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲನ್ ದಂಪತಿಗಳು ಇದಕ್ಕೊಂದು ವಿವರಣೆ ಕೊಟ್ಟಿದ್ದಾರೆ. ಲೆಕ್ಕ ಬರೆಯುವಾಗ, ಸಂದಣಿಯ ರಸ್ತೆ ದಾಟುವಾಗ, ನಾವು ಮನಸ್ಸನ್ನು ಬಲವಂತವಾಗಿ ಒಂದೆಡೆ ಹಿಡಿದಿಡುತ್ತೇವೆ. ಹಿಡಿದ ಕೈಯಂತೆ ಅದೂ ದಣಿಯುತ್ತದೆ. ದಣಿದ ಮನಸ್ಸು ಸಣ್ಣದಕ್ಕೂ ಸಿಡುಕುತ್ತದೆ. ಅಲುಗುವ ಎಲೆ, ಸರಿಯುವ ನೆರಳು, ಕೊಂಬೆಗೆ ಬಂದ ಹಕ್ಕಿ, ಇವು ಕಣ್ಣನ್ನು ತಾವಾಗಿಯೇ ಸೆಳೆಯುತ್ತವೆ. ಆ ಹೊತ್ತಿನಲ್ಲಿ ದಣಿದ ಶಕ್ತಿಗೆ ಬಿಡುವು ದೊರೆಯುತ್ತದೆ.

ಹಾಗೆಂದು ಮರವನ್ನು ಮದ್ದೆಂದು ಭಾವಿಸಬೇಡಿ. ಮನಸ್ಸು ಕುಗ್ಗಿದವರಿಗೆ ವೈದ್ಯರ ನೆರವು ಬೇಕೇ ಬೇಕು. 46 ಮಂದಿಯ ದಾಖಲೆಯಿಂದ ಎಲ್ಲವೂ ಸಿದ್ಧವಾಯಿತೆನ್ನುವಂತೆಯೂ ಇಲ್ಲ. ಆ ಗೋಡೆ ತೀರ ನೀರಸವಾಗಿತ್ತೆಂಬುದನ್ನು ಉಲ್ರಿಕ್ ಅವರೇ ಒಪ್ಪಿದ್ದಾರೆ. ಆದರೆ 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವರನ್ನು ಹಸುರಿನ ನಡುವೆ, ಕೆಲವರನ್ನು ವಾಹನಗಳ ರಸ್ತೆಯಲ್ಲಿ 90 ನಿಮಿಷ ನಡೆಸಿ ನೋಡಿದಾಗ, ಕಹಿ ಯೋಚನೆಯನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು ಹಸುರಿನಲ್ಲಿ ನಡೆದವರಲ್ಲಿ ಮಾತ್ರ ತಗ್ಗಿತ್ತು.

ಮನೆಯ ಮುಂದಿನ ಮರ ಎಲೆ ಉದುರಿಸಿ ಕಸ ಮಾಡುತ್ತದೆಂದು ನೀವು ಎಂದಾದರೂ ಬೇಸತ್ತಿರಬಹುದು, ಕಡಿಸುವ ಮಾತೂ ಬಂದಿರಬಹುದು. ಹಾಗಿದ್ದರೆ ಒಂದು ಸಂಜೆ ಹೊರಗೆ ನಿಂತು, ಅದು ಎಷ್ಟು ಮನೆಗಳ ಕಿಟಕಿಗೆ ಕಾಣುತ್ತದೆಂದು ಎಣಿಸಿ ನೋಡಿ. ಆ ಕಿಟಕಿಗಳಲ್ಲಿ ಯಾವುದರ ಪಕ್ಕದಲ್ಲಿ ಯಾರು ಮಲಗಿದ್ದಾರೋ, ನಿಮಗೆ ಹೇಗೆ ತಿಳಿಯಬೇಕು?