ಗಣಕದಲ್ಲಿ ಕನ್ನಡ ಅಕ್ಷರ: ಆಕಾರವೆ, ಸಂಖ್ಯೆಯೆ?

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರ ಸಾಂಸ್ಕೃತಿಕ ಚರಿತ್ರೆಯನ್ನು ಬರೆಯಹೊರಟವರಿಗೆ ಅಲ್ಲಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಆಮಂತ್ರಣ ಪತ್ರಿಕೆಗಳು ಮುಖ್ಯ ಆಕರಗಳು. ಗಣಕಯಂತ್ರದಲ್ಲಿ ಅಕ್ಷರಜೋಡಣೆಗೊಂಡ ಅಂತಹ ಹಳೆಯ ಕಡತವೊಂದು ಡೊಂಬಿವಲಿಯಿಂದ ನಮ್ಮ ಕೈಸೇರಿತು. ತೆರೆದಾಗ 'ಕನ್ನಡ' ಎಂದಿರಬೇಕಾದಲ್ಲಿ ರೋಮನ್ ಅಕ್ಷರಗಳೂ ಅವುಗಳ ನಡುವೆ ಪೌಂಡ್ ನಾಣ್ಯದ ಚಿಹ್ನೆಯೂ ಕಂಡವು. ಕಡತವೇನೂ ಕೆಟ್ಟಿರಲಿಲ್ಲ. ಹೀಗಾಗುವುದೇಕೆಂಬುದನ್ನು ವಿವರಿಸುವುದು ಈ ಟಿಪ್ಪಣಿಯ ಉದ್ದೇಶ.

ಗಣಕವು ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಕಾಪಿಡುತ್ತದೆ. ಆ ಸಂಖ್ಯೆ ಯಾವುದನ್ನು ಸೂಚಿಸಬೇಕು ಎಂಬುದಕ್ಕೆ ಎರಡು ಬಗೆಯ ಉತ್ತರಗಳಿವೆ. ಮೊದಲನೆಯದು ಆಕಾರ. 'ಬರಹ', 'ನುಡಿ' ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಲಿಪಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದವು. ಅಲ್ಲಿ 'ಕ' ಎಂಬುದು ಎರಡು ಸಂಖ್ಯೆಗಳ ಕೂಟ: ಅಕ್ಷರದ ಒಡಲಿಗೆ 80, ತಲೆಕಟ್ಟಿಗೆ 192. ನಕಾರದ ಒಡಲು 163. ರೋಮನ್ ಫಾಂಟಿನಲ್ಲಿ ಅದು ಪೌಂಡ್ ಚಿಹ್ನೆಯ ಸ್ಥಾನ. ಆ ಕನ್ನಡ ಫಾಂಟು ಇಲ್ಲದ ಗಣಕದಲ್ಲಿ ತೆರೆದೊಡನೆ ಕನ್ನಡವು ಮರೆಯಾಗುತ್ತದೆ. ಶ್ರೀಲಿಪಿಯಂತಹ ಬೇರೆ ತಂತ್ರಾಂಶಗಳ ಜೋಡಣೆಯೇ ಬೇರೆಯಾದುದರಿಂದ ಒಂದರ ಕೀಲಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಎರಡನೆಯ ಉತ್ತರ ವರ್ಣ. 1991ರಲ್ಲಿ ಭಾರತೀಯ ಮಾನಕವಾದ 'ಇಸ್ಕಿ' ಈ ದಾರಿಯದು. ಇದರಲ್ಲಿ ಕನ್ನಡದ ಕಕಾರಕ್ಕೂ ಮರಾಠಿಯ ಕಕಾರಕ್ಕೂ ಸಂಖ್ಯೆ ಒಂದೇ, 179. ಲಿಪಿ ಯಾವುದೆಂಬುದನ್ನು ಬೇರೆ ಸಂಕೇತವು ತಿಳಿಸುತ್ತದೆ. ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಬಾಳುವ ಥಾಣೆಯಂತಹ ಊರಿನವರಿಗೆ ಈ ತತ್ತ್ವವು ಅಪರಿಚಿತವೆನಿಸಲಾರದು. 1988ರ ಇಸ್ಕಿಯ ವರ್ಣಕ್ರಮವನ್ನೇ ಅನುಸರಿಸಿದ ಯೂನಿಕೋಡ್ ಪ್ರತಿ ಲಿಪಿಗೂ ಪ್ರತ್ಯೇಕ ನೆಲೆಯನ್ನು ಕೊಟ್ಟಿತು. ಇಲ್ಲಿ ಮರಾಠಿಯ ಕಕಾರ 2325, ನಮ್ಮದು 3221. 'ಕನ್ನಡ' ಎಂಬ ಪದವು ಐದು ಸಂಖ್ಯೆಗಳಾಗಿ ಉಳಿಯುತ್ತದೆ: 3221, 3240, 3277, 3240, 3233. ನಡುವಿನ 3277 ಹಲಂತದ ಸಂಖ್ಯೆ. ಅದನ್ನು ಕಂಡು ನಕಾರಕ್ಕೆ ಒತ್ತಕ್ಷರದ ರೂಪ ಕೊಡುವುದು ಫಾಂಟಿನ ಕೆಲಸ. ವ್ಯಾಕರಣದ ವರ್ಣವಿಚಾರವನ್ನು ಬಲ್ಲವರಿಗೆ ಈ ವಿಶ್ಲೇಷಣೆ ಹೊಸದಲ್ಲ. ಫಾಂಟು ಬದಲಾದರೂ ಪಠ್ಯವು ಅಳಿಯುವುದಿಲ್ಲ. ಪದವನ್ನು ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು.

ಆದರೆ ಯೂನಿಕೋಡ್ ದೋಷರಹಿತವೆಂದು ಹೇಳಲಾಗದು. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ರಳವೆಂದು ಕರೆದು ಕುಳ, ಕ್ಷಳಗಳಿಂದ ಬೇರ್ಪಡಿಸಿದ 'ೞ'ಕಾರಕ್ಕೆ 3294ನೆಯ ಸ್ಥಾನವಿದೆ. ಹೆಸರು ಮಾತ್ರ ತಪ್ಪಾಗಿ 'ಫ' ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಮೂಲನಾಮವನ್ನು ಹಾಗೆಯೇ ಉಳಿಸಿ, ಸರಿಯಾದುದನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಹಳಗನ್ನಡ ಪಠ್ಯವನ್ನು ಗಣಕಕ್ಕೆ ಏರಿಸುವವರು ಹೆಸರನ್ನು ನಂಬದೆ ಅಕ್ಷರವನ್ನೇ ಕಣ್ಣಾರೆ ನೋಡಬೇಕು. ೞಕಾರದ ಬದಲು ಳಕಾರವನ್ನು ಬಳಸಿದರೆ ಪ್ರಾಸವಿಚಾರವೂ ಪದಚರಿತ್ರೆಯೂ ಕೆಡುತ್ತವೆ.

ಹೊರನಾಡಿನ ಸಂಶೋಧಕರಲ್ಲಿ ನಮ್ಮ ವಿನಂತಿಯಿಷ್ಟೆ. ಸಂಘಗಳಿಂದ ಹಳೆಯ ಕಡತಗಳನ್ನು ಪಡೆಯುವಾಗ ತಂತ್ರಾಂಶ ಯಾವುದು, ಫಾಂಟಿನ ಹೆಸರೇನು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು; ಮುದ್ರಿತ ಪ್ರತಿಯೊಂದನ್ನು ಜೊತೆಗಿರಿಸಿಕೊಳ್ಳಬೇಕು. ಹೆಸರು ತಿಳಿದರೆ ಪರಿವರ್ತಕ ತಂತ್ರಾಂಶದಿಂದ ಕಡತವನ್ನು ಯೂನಿಕೋಡಿಗೆ ತಂದು, ಮುದ್ರಿತ ಪ್ರತಿಯೊಡನೆ ಪಾಠವನ್ನು ಒಪ್ಪನೋಡಬಹುದು. ಡೊಂಬಿವಲಿಯ ಕಡತವನ್ನು ನಾವು ಓದಲು ಸಾಧ್ಯವಾದುದು ಅದನ್ನು ಜೋಡಿಸಿದವರಿಗೆ ಫಾಂಟಿನ ಹೆಸರು ನೆನಪಿದ್ದುದರಿಂದ. ಅಂತಹವರನ್ನು ಈಗಲೇ ಕೇಳಿ ತಿಳಿಯಬೇಕಾಗಿದೆ. ತಾಳೆಗರಿಯು ಹುಳು ಹಿಡಿದರೂ ಉಳಿದಷ್ಟನ್ನು ಓದಬಹುದು. ಕೀಲಿ ಕಳೆದ ಕಡತವು ಅಖಂಡವಾಗಿದ್ದೂ ಮೂಕವಾಗಿರುತ್ತದೆ.