ಅಮೆರಿಕದ ಕ್ಯಾಥೊಲಿಕ್ ಹೈಸ್ಕೂಲು: ಚಳಿಗಾಲದ ದಿನಗಳು

ಅಮೆರಿಕದ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ
ಚಳಿಗಾಲ ಹೇಗೆ ಕಳೆಯುತ್ತೆ?

ಶುರುವಾಗೋದು ಆಗಮನ ಕಾಲದಿಂದ.
ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿ ಇದು.

ಶಾಲೆಯ ಪ್ರಾರ್ಥನಾಲಯದಲ್ಲಿ ಹಸಿರೆಲೆಯ ಒಂದು ಬಳೆ.
ಅದರಲ್ಲಿ ನಾಲ್ಕು ಮೇಣದಬತ್ತಿ.
ಮೂರು ನೇರಳೆ, ಒಂದು ಗುಲಾಬಿ.
ಮೊದಲ ವಾರ ಒಂದೇ ಉರಿಯುತ್ತೆ.
ಕೊನೆಯ ವಾರ ನಾಲ್ಕೂ.

ಡಿಸೆಂಬರ್ 8, ಅಮಲೋದ್ಭವ ಮಾತೆ ಮೇರಿಯ ಹಬ್ಬ.
ಇಡೀ ಶಾಲೆ ಬಲಿಪೂಜೆಗೆ ಸೇರುತ್ತೆ.

ಇದರ ಜೊತೆಗೇ ಸೇವೆ.
ಬಡ ಕುಟುಂಬಗಳಿಗೆ ಡಬ್ಬಿ ಆಹಾರ,
ಬೆಚ್ಚನೆ ಕೋಟು, ಆಟಿಕೆ.
ಸಂಗ್ರಹಿಸಿ ಪ್ಯಾಕ್ ಮಾಡೋದು ವಿದ್ಯಾರ್ಥಿಗಳೇ.
ಎಷ್ಟೋ ಶಾಲೆಗಳಲ್ಲಿ ಇಂತಿಷ್ಟು ಗಂಟೆ ಸೇವೆ ಕಡ್ಡಾಯ.

ಚಳಿ ಹೆಚ್ಚಿರುವ ಕಡೆ ಹೊರಗೆ ಹಿಮ. ಹಾಗಾಗಿ ಆಟ ಹೆಚ್ಚಾಗಿ ಒಳಗೆ.
ಬ್ಯಾಸ್ಕೆಟ್‌ಬಾಲ್, ಕುಸ್ತಿ, ಈಜು.
ಹಳೇ ಎದುರಾಳಿ ಶಾಲೆ ಬಂದ ರಾತ್ರಿ,
ಜಿಮ್ ಅಂದ್ರೆ ತೇರಿನ ದಿನದ ರಥಬೀದಿ.
ಕಾಲಿಡೋಕೆ ಜಾಗ ಇರಲ್ಲ.

ಹಿಮ ಜೋರಾದರೆ ಶಾಲೆಗೆ ರಜೆ.
ಬೆಳಗಾಗೋ ಮುಂಚೆ ಫೋನಿಗೆ ಸಂದೇಶ.
ಕೆಲವು ಶಾಲೆಗಳಲ್ಲಿ ಈಗ ಅವತ್ತೂ ಆನ್‌ಲೈನ್ ಪಾಠ.

ಜನವರಿ ಕೊನೆಗೆ ಕ್ಯಾಥೊಲಿಕ್ ಶಾಲಾ ಸಪ್ತಾಹ.
1974ರಿಂದ ನಡೆದು ಬಂದಿದೆ.
ಒಂದು ದಿನ ಯೂನಿಫಾರ್ಮ್‌ಗೆ ವಿನಾಯಿತಿ.
ಇನ್ನೊಂದು ದಿನ ಮೇಷ್ಟ್ರುಗಳ ವಿರುದ್ಧ ಮಕ್ಕಳ ವಾಲಿಬಾಲ್.

ಆಮೇಲೆ ಬೂದಿ ಬುಧವಾರ.
ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡೇ
ಮಕ್ಕಳು ಗಣಿತದ ಕ್ಲಾಸಿಗೆ ಹೋಗ್ತಾರೆ.

ಅಲ್ಲಿಂದ ತಪಸ್ಸು ಕಾಲ, ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು.
ಶುಕ್ರವಾರ ಕ್ಯಾಂಟೀನಿನಲ್ಲಿ ಮಾಂಸ ಇಲ್ಲ.
ತಟ್ಟೆಯಲ್ಲಿ ಮೀನು, ಇಲ್ಲವೇ ಚೀಸ್ ಪಿಜ್ಜಾ.

ಮಾರ್ಚ್ ಹೊತ್ತಿಗೆ ಬ್ಯಾಸ್ಕೆಟ್‌ಬಾಲ್ ಟೂರ್ನಿಗಳು ಮುಗಿಯುತ್ತವೆ.
ಬೇಸ್‌ಬಾಲ್ ಅಭ್ಯಾಸ ಶುರುವಾಗುತ್ತೆ.