ಸ್ವಭಾವದ ದೋಷವೋ, ಸಂದರ್ಭದ ದೋಷವೋ?

ಕೆಂಗೇರಿಯಿಂದ ರಾಜಾಜಿನಗರದ ನಮ್ಮ ಚಿಕಿತ್ಸಾಲಯಕ್ಕೆ ಮಧುಮೇಹವುಳ್ಳ ಗೃಹಸ್ಥರೊಬ್ಬರು ಬರುತ್ತಿದ್ದರು. ಹೇಳಿದ ದಿನ ಬರುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿರಲಿಲ್ಲ. ರಕ್ತದ ಸಕ್ಕರೆ ಇಳಿಯುತ್ತಿರಲಿಲ್ಲ. ‘ನಾಲಿಗೆಯ ಮೇಲೆ ಹಿಡಿತವಿಲ್ಲದ ಮನುಷ್ಯ’ ಎಂದು ನಾವು ಮನಸ್ಸಿನಲ್ಲೇ ತೀರ್ಮಾನಿಸಿ, ಒಂದು ದಿನ ಗದರಿಯೂ ಬಿಟ್ಟೆವು. ತಲೆ ತಗ್ಗಿಸಿ ಹೋದವರು ಮೂರು ತಿಂಗಳು ಬರಲಿಲ್ಲ. ಬಂದಾಗ ಪಾದದಲ್ಲಿ ಹುಣ್ಣಾಗಿತ್ತು. ತಕ್ಷಣವೇ ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆವು. ಜೊತೆಗಿದ್ದ ಮಗಳಿಂದ ಅಂದು ತಿಳಿಯಿತು: ಅವರದು ವಾರವಾರವೂ ಪಾಳಿ ಬದಲಾಗುವ ಕಾವಲು ಕೆಲಸ, ಊಟಕ್ಕೂ ನಿದ್ರೆಗೂ ನಿಯತ ಹೊತ್ತಿಲ್ಲ, ರಜೆ ಹಾಕಿದರೆ ಸಂಬಳವಿಲ್ಲ. ನಾವು ಒಮ್ಮೆಯೂ ಕೇಳಿರಲಿಲ್ಲ.

ಮಾಗಡಿ ರಸ್ತೆಯ ವಾಹನ ದಟ್ಟಣೆಯಲ್ಲಿ ಸಿಲುಕಿ ನಾವೇ ತಡವಾಗಿ ಬಂದ ದಿನಗಳುಂಟು. ಆಗ ತಪ್ಪು ರಸ್ತೆಯದು! ನಮ್ಮ ನಡತೆಗೆ ಸಂದರ್ಭವನ್ನೂ ಪರರ ನಡತೆಗೆ ಅವರ ಸ್ವಭಾವವನ್ನೂ ಕಾರಣವಾಗಿ ಹೇಳುವುದು ಮನಸ್ಸಿನ ಹಳೆಯ ಚಾಳಿ. ಪರರ ವಿಷಯದಲ್ಲಿ ಸಂದರ್ಭವನ್ನು ಮರೆಯುವ ಈ ದೋಷಕ್ಕೆ ಅಮೆರಿಕದ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ‘ಮೂಲಭೂತ ಕಾರಣಾರೋಪ ದೋಷ’ ಎಂಬರ್ಥದ ಹೆಸರಿಟ್ಟರು.

ಈ ವಿಷಯದಲ್ಲಿ ನಮ್ಮ ಮೈಸೂರಿಗೂ ಒಂದು ಸ್ಥಾನವಿದೆ. ಜೋನ್ ಮಿಲ್ಲರ್ ಎಂಬ ವಿದುಷಿ ಮೈಸೂರಿನ ಹಿಂದೂಗಳನ್ನೂ ಷಿಕಾಗೋದ ಅಮೆರಿಕನ್ನರನ್ನೂ ಹೋಲಿಸಿ 1984ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಪರಿಚಿತರ ನಡತೆಗೆ ಕಾರಣ ಕೇಳಿದಾಗ ಅಮೆರಿಕದ ವಯಸ್ಕರು ಹೆಚ್ಚಾಗಿ ಸ್ವಭಾವವನ್ನು ಹೇಳಿದರೆ, ಮೈಸೂರಿನವರು ಕರ್ತವ್ಯ, ಸಂಬಂಧ, ಸನ್ನಿವೇಶಗಳನ್ನು ಹೆಚ್ಚಾಗಿ ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಈ ಭೇದ ಅತ್ಯಲ್ಪ. ವಯಸ್ಸಾದಂತೆ ಅದು ಬೆಳೆಯುತ್ತದೆ. ಎಂದರೆ ಇದು ಬಹುಮಟ್ಟಿಗೆ ಕಲಿತು ಬಂದದ್ದು, ಕಲಿತದ್ದನ್ನು ತಿದ್ದಿಕೊಳ್ಳಲೂಬಹುದು.

ಆಯುರ್ವೇದದ ನಿದಾನಪಂಚಕದಲ್ಲಿ ಮೊದಲನೆಯದು ನಿದಾನ, ಅಂದರೆ ರೋಗದ ಕಾರಣ. ದೇಶ, ಕಾಲ, ಆಹಾರ, ವಿಹಾರಗಳನ್ನು ವಿಚಾರಿಸದೆ ವೈದ್ಯನು ಔಷಧ ಕೊಡಲಾಗದು. ಮನೆಯವರ ನಡತೆಯನ್ನು ಅಳೆಯುವಾಗಲೂ ಇದೇ ಕ್ರಮ ಬೇಕು. ‘ಸೋಮಾರಿ’ ಎನಿಸಿಕೊಂಡ ಸೊಸೆಗೆ ರಕ್ತಹೀನತೆಯೋ ಥೈರಾಯ್ಡ್ ಕೊರತೆಯೋ ಇರಬಹುದು. ಕರೆದರೆ ಓಗೊಡದ ‘ಹಟಮಾರಿ’ ಮಾವನವರಿಗೆ ಕಿವಿ ಮಂದವಾಗಿರಬಹುದು. ‘ಮುಂಗೋಪಿ’ ಮಗನಿಗೆ ನಿದ್ರೆ ಸಾಲದಿರಬಹುದು. ಬೈಗುಳದಿಂದ ಇವಾವುವೂ ವಾಸಿಯಾಗವು. ಬೈಸಿಕೊಂಡವರು ತೊಂದರೆಯನ್ನು ಮುಚ್ಚಿಡುತ್ತಾರೆ, ಚಿಕಿತ್ಸೆ ತಡವಾಗುತ್ತದೆ.

ಹಾಗೆಂದು ಎಲ್ಲ ತಪ್ಪಿಗೂ ಸಂದರ್ಭವೇ ಹೊಣೆಯೆಂದಲ್ಲ. ತಿಳಿದೂ ಅಪಥ್ಯ ಮಾಡುವ ‘ಪ್ರಜ್ಞಾಪರಾಧ’ವನ್ನು ನಮ್ಮ ಶಾಸ್ತ್ರವೇ ಹೇಳಿದೆ. ಆದರೆ ಆ ತೀರ್ಮಾನ ವಿಚಾರಣೆಯ ಕೊನೆಗೆ ಬರಬೇಕು, ಮೊದಲಿಗಲ್ಲ. ‘ಏಕೆ ಹೀಗೆ ಮಾಡಿದಿರಿ?’ ಎನ್ನುವ ಬದಲು ‘ನಿಮಗೇನು ತೊಂದರೆಯಾಗಿದೆ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರುವುದು ಒಳ್ಳೆಯದು.

ಆ ಗೃಹಸ್ಥರ ಪಾಳಿಗೆ ಹೊಂದುವಂತೆ ಊಟ, ಔಷಧಗಳ ವೇಳೆಯನ್ನು ಗೊತ್ತುಮಾಡಿಕೊಟ್ಟೆವು. ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಅಂದಿನಿಂದ ಹೊಸ ರೋಗಿ ಬಂದಾಗ ನಾಡಿ ಹಿಡಿಯುವ ಮೊದಲು ನಾವು ಕೇಳುವುದು ಒಂದೇ: ‘ನಿಮ್ಮ ದಿನ ಹೇಗೆ ಕಳೆಯುತ್ತದೆ?’